ದವಾಖಾನಿ ಬಾಯಿಯ ಮನೆಮಂದಿ

ಅವರ ಎರಡೂ ಕಣ್ಣುಗಳ ಕರಿಗುಡ್ಡೆಯ ಮೇಲೆ ಜೋಳದ ನುಚ್ಚಿನಷ್ಟು ಬಿಳುಪು ಕೂತಿತ್ತು. ಎದುರು ನಿಂತವರ ಮುಖ ಕಾಣದಿದ್ದರೂ ಗಾಯಕ್ಕೆ ಪಟ್ಟಿ ಸುತ್ತುವಾಗ ಬೆರಳು ಒಮ್ಮೆಯೂ ತಪ್ಪುತ್ತಿರಲಿಲ್ಲ. ಮೋತಿಬಿಂದು, ಕಣ್ಣಿನ ಪೊರೆ, ತೆಗೆಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, "ಅರವತ್ತು ವರ್ಷ ನೋಡಿದ್ದು ಸಾಲ್ದೇನು?" ಎಂದು ನಕ್ಕುಬಿಡುತ್ತಿದ್ದರು.

ಶಹಾಬಾದಿನ ಕಲ್ಲುಗಣಿಗಳ ಹತ್ತಿರ ಎರಡೇ ಕೋಣೆಯ ದವಾಖಾನೆ ಅವರದು. ಸ್ಪೇನ್ ದೇಶದಿಂದ ಬಂದ ಸನ್ಯಾಸಿನಿ. ಊರಿಗೆಲ್ಲ ದವಾಖಾನಿ ಬಾಯಿ. ನಿಜಾಮರ ಆಳಿಕೆ ಹೋಗಿ, ಕನ್ನಡ ರಾಜ್ಯ ಇನ್ನೂ ಆಗದ ನಡುವಿನ ವರ್ಷಗಳವು. ಅತ್ತೆಯ ಊರು ಕೊಡ್ಲಿಯಲ್ಲಿ ಗಂಡನನ್ನು ಮಣ್ಣು ಮಾಡಿ ಹದಿನೇಳಕ್ಕೇ ತವರಿಗೆ ಮರಳಿದ್ದ ನನಗೆ ಹೊತ್ತು ಹೋಗುತ್ತಿರಲಿಲ್ಲ. ಅತ್ತರೆ ಅವ್ವ ಅಳುತ್ತಾಳೆ, ನಕ್ಕರೆ ಓಣಿ ನೋಡುತ್ತದೆ. ಕೊನೆಗೆ ಅಪ್ಪ ನನ್ನನ್ನು ಬಾಯಿಯ ಕೈಕೆಳಗೆ ಕೆಲಸಕ್ಕೆ ಕಳಿಸಿದ. ಅಪ್ಪ ರೈಲ್ವೆ ಗುಮಾಸ್ತ. ಇಂಗ್ಲಿಷ್ ಅಕ್ಷರಗಳನ್ನು ನನಗೆ ಮನೆಯಲ್ಲೇ ಕಲಿಸಿದ್ದ. ಬಾಯಿಗೆ ಬೇಕಾಗಿದ್ದದ್ದೂ ಅದೇ.

ಅವರ ತಂಗಿ ವರ್ಷಕ್ಕೆ ಎರಡು ಸಲ ಊರಿಂದ ಕಾಗದ ಬರೆಯುತ್ತಿದ್ದಳು. ಕಣ್ಣು ಹೋದ ಮೇಲೆ ಬಂದ ಮೂರು ಕಾಗದ ಒಡೆಯದೇ ಪೆಟ್ಟಿಗೆಯಲ್ಲಿದ್ದವು. ಅವರ ಮಾತು ಬಲ್ಲವರು ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ.

"ನಮ್ಮ ಭಾಷಾಕ್ಕೂ ಅವೇ ಇಂಗ್ಲಿಷ್ ಅಕ್ಷರ, ಬರದ್ಹಾಂಗ ಓದೋದು. ತಿಳೀಬೇಕಂದ್ರ ಮೊದ್ಲ ಮನಿ ಮಂದೀನ್ನ ಕಲಿ, ಉಳದದ್ದು ತಾನೇ ಬರ್ತದ" ಎಂದರು.

ಗೋಡೆಯ ಮೇಲಿನ ಫೋಟೋದ ಗಾಜಿಗೆ ಬೆರಳಿಟ್ಟು ಕಲಿಸಿದರು. ಮಾದ್ರೆ, ಅವ್ವ. ಪಾದ್ರೆ, ಅಪ್ಪ, ಅಲ್ಲಿ ಬೆರಳನ್ನು ತುಸು ನಿಲ್ಲಿಸಿ, ಮುಎರ್ತೊ, ಸತ್ತಿದ್ದಾನೆ ಎಂದೂ ಹೇಳಿದರು. ಎರ್ಮಾನಾ ಎಂದರೆ ತಂಗಿ. ಅಕ್ಕ ಎನ್ನಲಿಕ್ಕೂ ಅದೇ ಎಂದಾಗ ನಾನು ಬಿಡಲಿಲ್ಲ.

"ಮತ್ತ ಜಗಳಾದ್ರ ದೊಡ್ಡಾಕಿ ಯಾರಂತ ಹ್ಯಾಂಗ ಗೊತ್ತಾಗ್ತದ್ರಿ?"

"ಹೊಡದಾಕಿ ದೊಡ್ಡಾಕಿ. ಅವ್ವನ ಮುಂದ ಚಾಡಿ ಹೇಳಾಕಿ ಸಣ್ಣಾಕಿ."

ಕೊಡ್ಲಿಯಿಂದ ಬಂದ ಮೇಲೆ ನಾನು ಬಾಯಿತುಂಬ ನಕ್ಕದ್ದು ಅವತ್ತೇ. ಆ ಸಲುಗೆಯಲ್ಲಿ ಇನ್ನೊಂದನ್ನೂ ಕೇಳಿದೆ: "ಗಂಡ ಸತ್ತಾಕಿಗಿ ಏನಂತಾರ್ರಿ?"

"ಅದಕ್ಕೊಂದು ಶಬ್ದ ಅದ. ನಾ ಕಲಸಂಗಿಲ್ಲ" ಎಂದು ಪಟ್ಟಿ ಸುತ್ತುತ್ತಲೇ ಹೇಳಿದರು. ಓಣಿಯವರ ಬಾಯಲ್ಲಿ ನನಗೆ ಉಳಿದಿದ್ದ ಹೆಸರು ಅದೊಂದೇ. ಬಾಯಿ ಅದನ್ನು ತಮ್ಮ ಭಾಷೆಯಲ್ಲಿ ನನಗೆ ಅಂಟಿಸಲಿಲ್ಲ.

ಹಳೆಯ ಮೂರೂ ಕಾಗದಗಳನ್ನು ಓದಿ ಮುಗಿಸಿದೆವು. ಅರ್ಥ ತಿಳಿಯದಿದ್ದರೂ ನಾನು ಓದುತ್ತಿದ್ದೆ, ಅವರು ಮುಖವನ್ನು ನನ್ನ ಕಡೆಗೆತ್ತಿ ಕೇಳುತ್ತಿದ್ದರು. ಹೊಸ ಕಾಗದ ಬಂದಾಗ ಅದಕ್ಕೆ ಕಪ್ಪು ಅಂಚಿತ್ತು. ನಾಲ್ಕು ಪುಟ. ಎರಡನೇ ಸಾಲಿನಲ್ಲಿ ಮಾದ್ರೆ ಬಂತು, ಅದರ ಬೆನ್ನಿಗೇ ಮುಎರ್ತೊ. ಬಾಯಿ ಕೈ ಎತ್ತಿ ಸಾಕೆಂದರು. ಒಳಗೆ ಪ್ರಾರ್ಥನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಮ್ಮಲ್ಲಿ ಸಾವಿನ ಸುದ್ದಿ ತಂದ ಕಾಗದವನ್ನು ಮನೆಯಲ್ಲಿಡುವುದಿಲ್ಲ. ಓದಿದ ಕೂಡಲೇ ಹರಿದು ಹಾಕಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು. ಲಿಂಗವಂತರಿಗೆಲ್ಲಿಯ ಸೂತಕ ಎನ್ನುತ್ತಿದ್ದ ಅಪ್ಪನೂ ಇದೊಂದರಲ್ಲಿ ಅವ್ವನಿಗೆ ಎದುರಾಡುತ್ತಿರಲಿಲ್ಲ. ಬಾಯಿಗೆ ಇನ್ನೊಂದು ಕೇಡು ಬಾರದಿರಲಿ ಎಂದು ನಾನು ಆ ಕಾಗದವನ್ನು ಚೂರುಚೂರು ಹರಿದು ಒಲೆಗೆ ಹಾಕಿದೆ. ಅದೇ ಒಲೆಯ ಮೇಲೆ ಅವರ ಸ್ನಾನಕ್ಕೆ ನೀರಿಟ್ಟೆ. ಎಂಥ ಹುಚ್ಚು ಖೋಡಿ ನಾನು!

ಬಾಯಿ ಹೊರಗೆ ಬಂದು ಕುರ್ಚಿಯಲ್ಲಿ ಕೂತರು. "ಈಗ ಉಳದದ್ದು ಓದು. ಅವ್ವ ಕೊನೀಗಿ ನನಗೇನಂದ್ಳು, ತಂಗಿ ಬರದಿರ್ತಾಳ."

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ತಡವರಿಸುತ್ತ ಹೇಳಿದೆ. ಅವರು ಒಲೆಯ ಕಡೆ ಮುಖ ತಿರುಗಿಸಿದರು.

"ಇದು ನಿನಗ ಯಾರು ಹೇಳಿಕೊಟ್ರು?"

"ಅವ್ವ, ರೀ. ನನ್ನ ಗಂಡನ ಸುದ್ದಿ ಬರದ ಕಾಗದಾನೂ ಹಂಗೇ ಹರದ್ಳು."

"ಹಂಗಂದ್ರ ನೀ ನನ್ನ ನಿಮ್ಮಾಕಿ ಅಂತ ತಿಳದು ಹರದಿ" ಎಂದರು. ಎದ್ದು, ನಾನು ಕಾಯಿಸಿದ ನೀರಿನಿಂದಲೇ ತಲೆತುಂಬ ಸ್ನಾನ ಮಾಡಿ ಬಂದರು.

ಇನ್ನೊಮ್ಮೆ ಬರೆ ಎಂದು ತಂಗಿಗೆ ಕಾಗದ ಹಾಕಿದೆವು. ಅವರು ಹೇಳಿದರು, ನಾನು ಬರೆದೆ. ಟಪಾಲಿನವನ ಚಪ್ಪಲಿ ಸಪ್ಪಳಕ್ಕೆ ಬಾಯಿ ದಿನಾ ತಲೆ ಎತ್ತುತ್ತಿದ್ದರು. ಅವನು ಮುಂದೆ ಹೋದರೆ, "ಸಮುದ್ರ ದೊಡ್ಡದದ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಎರಡು ಬೇಸಿಗೆ ಕಳೆದರೂ ಉತ್ತರ ಬರಲಿಲ್ಲ. ನನ್ನ ತಪ್ಪನ್ನು ಅವರು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಮೂರನೇ ಬೇಸಿಗೆಯಲ್ಲಿ ಬಾಯಿಗೆ ಜ್ವರ ಹಿಡಿಯಿತು. ಎಂಟು ದಿನಕ್ಕೆ ಕನ್ನಡ ಪೂರಾ ಮರೆತರು. ಬರೇ ಅವರ ಮಾತು. ಡಾಕ್ಟರಿಗೆ ತಿಳಿಯದು, ನೋಡಲು ಬಂದವರಿಗೂ ತಿಳಿಯದು. ಒಂದು ಮಧ್ಯಾಹ್ನ ಕೈ ಚಾಚಿ ಗಾಳಿಯಲ್ಲಿ ತಡಕಾಡುತ್ತ, "ಮಾದ್ರೆ, ಮಾದ್ರೆ" ಎಂದು ಸಣ್ಣ ಮಕ್ಕಳಂತೆ ಕರೆಯತೊಡಗಿದರು. ಕೋಣೆಯಲ್ಲಿ ಅದು ತಿಳಿದದ್ದು ನನಗೊಬ್ಬಳಿಗೇ. ನಾನು ಆ ಕೈ ಹಿಡಿದು, "ಇಲ್ಲೇ ಅದೀನಿ ಮಗಳ, ಮಲಕೋ" ಎಂದೆ. ಬೇರೇನು ಹೇಳಲಿ? ಅವರ ಉಸಿರು ನಿಧಾನವಾಯಿತು. ಹೊತ್ತು ಇಳಿಯುವ ಮುಂಚೆಯೇ ಹೋದರು.

ನಾನು ಮತ್ತೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಇಷ್ಟು ವರ್ಷದ ಬಾಳಿನಲ್ಲಿ ನನ್ನನ್ನು ಅವ್ವಾ ಎಂದು ಕರೆದವರು ಅವರೊಬ್ಬರೇ.