ಖಾಲು ಹಾಕಿದ ಗೆರೆ ಮತ್ತು ದೇವದುರ್ಗದ ಬಿಸಿಲು

ಮಾನ್ವಿಯ ಬಸ್ಸು ರಾಯಚೂರು ನಿಲ್ದಾಣ ಬಿಟ್ಟಾಗ ಬೆಳಗಿನ ಎಂಟೂವರೆ. ಮೇ ತಿಂಗಳ ಕೊನೆಯ ವಾರ, ಕಿಟಕಿಯ ಸರಳು ಆಗಲೇ ಕೈ ಸುಡುತ್ತಿತ್ತು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಾನು ಮದುವೆ, ಮುಂಜಿ, ಸಂತೆ ಯಾವುದನ್ನೂ ಬಿಟ್ಟವಳಲ್ಲ. ಈ ಸಲ ಮಾತ್ರ ಹೊರಟಿದ್ದು ನಾನೇ ಮಾಡಿದ ಎಡವಟ್ಟನ್ನು ಸರಿಪಡಿಸಲು. ಮಾಡಿದ್ದುಣ್ಣೋ ಮಹರಾಯ.

ಹತ್ತು ದಿನದ ಹಿಂದೆ ದೇವದುರ್ಗಕ್ಕೆ ಹೋಗಿದ್ದೆ. ಅಲ್ಲಿ ನನ್ನ ತಾಯಿಯ ತಂಗಿ ಹುಸೇನಬೀ ಖಾಲಾ ಇದ್ದಾರೆ. ಅವರಿಗೊಂದು ಹೊಸ ಫೋನು, ಪುಸ್ತಕದಂತೆ ಮಡಚುವ ಕೆಂಪು ಕವರು ಒಯ್ದಿದ್ದೆ. ನಮಾಜಿನ ಹೊತ್ತು ತಿಳಿಸುವ, ಅಜಾನ್ ಕೂಗುವ, ಕಿಬ್ಲಾ ತೋರಿಸುವ ಆ್ಯಪನ್ನೂ ಹಾಕಿಕೊಟ್ಟೆ. ಕಿಬ್ಲಾ ಅಂದರೆ ಮಕ್ಕಾದ ಕಾಬಾ ಇರುವ ದಿಕ್ಕು. ನಮಾಜಿಗೆ ನಿಲ್ಲುವುದು ಆ ಕಡೆ ಮುಖ ಮಾಡಿ. ಖಾಲಾರ ಅಂಗಳದಲ್ಲಿ ಎರಡು ಉದ್ದನೆಯ ಶಹಾಬಾದ್ ಫರಸಿ ಕಲ್ಲುಗಳಿವೆ. ಅವುಗಳ ನಡುವಿನ ಸಂದು ನೇರ ಕಿಬ್ಲಾದ ಕಡೆಗೆ ಹೋಗುವಂತೆ ನಲವತ್ತು ವರ್ಷದ ಹಿಂದೆ ಅವರ ಗಂಡ, ನಮ್ಮ ಖಾಲು, ಹಾಸಿದ್ದರು. ಖಾಲು ದೇವದುರ್ಗದಲ್ಲಿ ಮನೆ ಕಟ್ಟುವ ಹೆಸರಾಂತ ಗೌಂಡಿ, ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಸಂದಿನ ಮೇಲೆ ಫೋನ್ ಇಟ್ಟು ನೋಡಿದರೆ ಬಾಣ ಎತ್ತಲೋ ನಿಂತಿತು. ನಾನು ನಕ್ಕು, "ಖಾಲಾ, ಖಾಲು ಗೆರಿ ಸೊಟ್ಟ ಹಾಕ್ಯಾರ ನೋಡ್ರಿ" ಅಂದುಬಿಟ್ಟೆ. ಮಾವಿನಹಣ್ಣು ತಿಂದು ರಾಯಚೂರಿಗೆ ಮರಳಿದೆ.

ನಾಲ್ಕು ದಿನಕ್ಕೆ ಖಾಲಾರ ನೆರೆಮನೆಯ ಶರಣಮ್ಮ ಫೋನ್ ಮಾಡಿದರು. "ನಸೀಮಾ ಟೀಚರ್, ನಿಮ್ಮ ಖಾಲಾ ಹಗಲೆಲ್ಲಾ ನಮಾಜ್ ಮಾಡಾಕತ್ತಾರ್ರೀ. ಮೊಣಕಾಲು ಬಾತು ಕುಂಬಳಕಾಯಿ ಆಗ್ಯಾವ. ನಲವತ್ತು ವರ್ಷದ್ದು ತಿರುಗಿ ಮಾಡಬೇಕಂತ!"

ತಪ್ಪಿದ ನಮಾಜನ್ನು ಆಮೇಲೆ ಮಾಡಿ ತೀರಿಸುವುದಕ್ಕೆ ಕಜಾ ಅನ್ನುತ್ತಾರೆ. ನಲವತ್ತು ವರ್ಷ, ದಿನಕ್ಕೆ ಐದು. ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ. ಬ್ಯಾಡ್ರಿ ಅಂತ ಫೋನಿನಲ್ಲಿ ಅಂಗಲಾಚಿದೆ. ಮನೆಯಲ್ಲಿ ನಮ್ಮದು ದಖನಿ ಮಾತು, ಆದರೆ ಖಾಲಾ ಬೈಯುವುದು ಮಾತ್ರ ಕನ್ನಡದಲ್ಲಿ. "ನೀ ಭೂಗೋಳ ಕಲಿಸಾಕಿ ಬೇ. ದೀನ್-ಧರ್ಮ ತಿಳಿದವರನ್ನ ಕೇಳ್ಕೊಂಡು ಬಾ. ಗಂಡಸರ ಮುಂದ ನನ್ನ ಮನಿ ಮಾತು ಎತ್ತಬ್ಯಾಡ" ಅಂದರು. ಹಾಗಾಗಿ ಮೊದಲು ಮಾನ್ವಿಗೆ. ಅಲ್ಲೊಂದು ಹೆಣ್ಣುಮಕ್ಕಳ ಮದರಸಾ ಇದೆ, ಪಾಠ ಹೇಳುವವರೂ ಹೆಂಗಸರೇ.

ಕಲ್ಮಲದಲ್ಲಿ ಬಸ್ಸು ತುಂಬಿತು. ಮುಂದೆ ದಾರಿಯುದ್ದಕ್ಕೂ ಕೊಯ್ಲಾದ ಗದ್ದೆ, ಮಾನ್ವಿ ಹತ್ತಿರವಾದಂತೆ ಅಕ್ಕಿ ಗಿರಣಿಗಳ ಹೊಗೆ. ನಿಲ್ದಾಣದ ಪಕ್ಕದಲ್ಲಿ ಮಂಡಾಳ ಒಗ್ಗರಣೆ, ಎರಡು ಮಿರ್ಚಿ ತಿಂದೆ. ಪಾಪಪ್ರಜ್ಞೆಯಿಂದ ನನ್ನ ಹಸಿವು ಯಾವತ್ತೂ ಕಡಿಮೆಯಾದದ್ದಿಲ್ಲ.

ಮದರಸಾದ ಸಫೂರಾ ಮೇಡಂಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಧರ್ಮಶಾಸ್ತ್ರ ಓದಿದ ಆಲಿಮಾ. ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಯನ್ನೂ ಕಟ್ಟಿದ್ದಾರೆ. ಬಾಗಿಲಲ್ಲಿ ಅವರ ಸ್ಕೂಟಿ ನಿಂತಿತ್ತು. ನನ್ನ ಕಥೆಯನ್ನೆಲ್ಲ ಕೇಳಿ ನಗದೆ ಉತ್ತರ ಕೊಟ್ಟರು.

"ಕಜಾ ಬ್ಯಾಡ್ರೀ ಆಪಾ. ತಿಳಿದಷ್ಟು ಹುಡುಕಿ, ಮನಸ್ಸಿಟ್ಟು ನಿಂತವರ ನಮಾಜ್ ಆಗೇದ. ನಿಮ್ಮ ಖಾಲಾಗ ಕಾಲು ಚಾಚಿ ಕುಂಡ್ರಾಕ ಹೇಳ್ರಿ."

ನನಗೆ ಅಲ್ಲೇ ಅರ್ಧ ಜೀವ ಬಂತು. ಅವರು ಮತ್ತೆ ಕೇಳಿದರು, "ಆ ಫೋನಿಗೆ ಎಂಥಾ ಕವರ್ ಹಾಕೀರಿ?"

ಕೆಂಪು ಕವರು ಎರಡು ಕೊಂಡಿದ್ದೆ, ಒಂದು ನನ್ನ ಫೋನಿಗೇ ಇತ್ತು. ತೋರಿಸಿದೆ. ಅವರು ಅದನ್ನು ಬಿಚ್ಚಿ ಮಡಚಿದರು. ಟಕ್ ಎಂದು ಅಂಟಿಕೊಂಡಿತು.

"ಇದರಾಗ ಅಯಸ್ಕಾಂತ ಅದ ಅಲ್ರೀ. ಫೋನಿನ ದಿಕ್ಸೂಚಿ ಪಾಪ ಏನ್ ಮಾಡೀತು?"

ಇಪ್ಪತ್ತೆರಡು ವರ್ಷ ಮಕ್ಕಳಿಗೆ ದಿಕ್ಸೂಚಿಯ ಪಾಠ ಮಾಡಿದವಳು ನಾನು. ದಿಕ್ಸೂಚಿಯ ಹತ್ತಿರ ಅಯಸ್ಕಾಂತ ಒಯ್ಯಬೇಡಿ ಎಂದು ಅದೆಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ! ಈಗ ನನ್ನ ಕಿವಿ ಹಿಂಡುವವರು ಸಿಕ್ಕಿದ್ದರು.

"ಹಂಗಂತ ಗೆರಿ ಸರಿ ಅಂತನೂ ಹೇಳಾಕ ಬರಂಗಿಲ್ಲ, ನೋಡಬೇಕು" ಎಂದು ಸಫೂರಾ ಒಂದು ಉಪಾಯ ಹೇಳಿದರು. ಮರುದಿನ ಮಧ್ಯಾಹ್ನ ನಮ್ಮ ಗಡಿಯಾರದಲ್ಲಿ ಎರಡು ನಲವತ್ತೆಂಟಕ್ಕೆ ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲಿರುತ್ತಾನೆ. ಆ ಕ್ಷಣ ಇಲ್ಲಿ ನೆಟ್ಟಗೆ ನಿಂತ ಯಾವುದರ ನೆರಳೂ ಕಿಬ್ಲಾದ ಗೆರೆಯ ಮೇಲೇ ಬೀಳುತ್ತದೆ. ಮದರಸಾದ ಹುಡುಗಿಯರು ವರ್ಷವೂ ಅಂಗಳದಲ್ಲಿ ಕೋಲು ನಿಲ್ಲಿಸಿ ನೋಡುತ್ತಾರಂತೆ. ಸೂರ್ಯ ನೆತ್ತಿಯ ಮೇಲೆ ಬರುವ ಪಾಠ ನನ್ನದೇ ಪುಸ್ತಕದಲ್ಲಿದೆ. ಅದು ಹೀಗೆ ಉಪಯೋಗಕ್ಕೆ ಬರುತ್ತದೆಂದು ನನಗೆ ಹೊಳೆದಿರಲಿಲ್ಲ.

ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗ ತಲುಪಿದಾಗ ಮೂರೂವರೆ. ಖಾಲಾ ಕುರ್ಚಿಯ ಮೇಲೆ ಕೂತು ನಮಾಜಿನಲ್ಲಿದ್ದರು. ನನ್ನ ಬಾಣದ ಪ್ರಕಾರ ತಿರುಗಿಸಿದ್ದ ಅವರ ಜಾನಮಾಜ್ ಚಾಪೆ ನೇರ ಬಚ್ಚಲಿನ ಬಾಗಿಲು ನೋಡುತ್ತಿತ್ತು. ಅದನ್ನು ಕಂಡು ನಗು ಬಂದರೂ ಅವರ ಮೊಣಕಾಲು ಕಂಡು ನಿಂತಿತು.

ಸಫೂರಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಖಾಲಾ ತಲೆಯ ಮೇಲೆ ಸೆರಗು ಎಳೆದುಕೊಂಡು, ಎದುರಿಗೇ ಕೂತವರ ಮಾತು ಕೇಳುವಂತೆ ಕೇಳಿದರು. ಕಜಾ ಬೇಡ ಎಂಬುದನ್ನು ಒಪ್ಪಿದರು. ಆದರೂ ಮುಖ ಅರಳಲಿಲ್ಲ.

"ನಂದು ಆತು ಬೇ. ಅವರದು? ಊರಾಗ ಅವರ ಕಟ್ಟಿದ್ದು ಸೊಟ್ಟ ಅಂತ ಯಾರೂ ಅಂದಿದ್ದಿಲ್ಲ. ದೇವರ ಮುಂದಿನ ಗೆರಿನ ಸೊಟ್ಟ ಆತಂದ್ರ ಹೆಂಗ?"

ನೋಯುತ್ತಿದ್ದದ್ದು ಮೊಣಕಾಲಲ್ಲ ಎಂದು ನನಗೆ ಆಗ ತಿಳಿಯಿತು. ಅವತ್ತು ಖಾಲಾ ಉಂಡದ್ದು ಅರ್ಧ ರೊಟ್ಟಿ.

ಮರುದಿನ ಊಟವಾದ ಮೇಲೆ ಖಾಲುವಿನ ಹತಾರದ ಪೆಟ್ಟಿಗೆ ತೆಗೆದೆವು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅವರು ದಾರಕ್ಕೆ ಕಟ್ಟಿದ್ದ ಹಿತ್ತಾಳೆಯ ಗುಂಡು ಹಾಗೇ ಇತ್ತು. ಬಟ್ಟೆ ಒಣಹಾಕುವ ತಂತಿಗೆ ಅದನ್ನು ಕಟ್ಟಿ, ಗುಂಡು ಸರಿಯಾಗಿ ಸಂದಿನ ಮೇಲೆ ಬರುವಂತೆ ಇಳಿಬಿಟ್ಟೆ. ಗಾಳಿಗೆ ಅದು ತೂಗತೊಡಗಿತು. ಶರಣಮ್ಮ ಬಂದು ಸೆರಗು ಹರಡಿ ಗಾಳಿಗೆ ಅಡ್ಡ ನಿಂತರು.

"ನಮ್ಮ ಅಡಗಿಮನಿ ಗ್ವಾಡಿನೂ ನಿಮ್ಮ ಸಾಹೇಬರೇ ಕಟ್ಯಾರ. ಇದು ಸೊಟ್ಟ ಆದ್ರ ನಾ ಇನ್ನ ಒಳಗ ಕಾಲಿಡಂಗಿಲ್ಲವ್ವ" ಅಂದರು. ಖಾಲಾ ನಗಲಿಲ್ಲ.

ಎರಡೂವರೆಗೆ ಮೋಡ ಕವಿಯಿತು. ರಾಯಚೂರು ಜಿಲ್ಲೆಯ ಬಿಸಿಲನ್ನು ಹುಟ್ಟಿದಾಗಿನಿಂದ ಶಪಿಸಿದ್ದೇನೆ. ಅವತ್ತು ಅದೇ ಬಿಸಿಲಿಗಾಗಿ ಕೈಯೆತ್ತಿ ದುವಾ ಮಾಡಿದೆ. ಎರಡು ನಲವತ್ತಕ್ಕೆ ಮೋಡ ಹರಿಯಿತು. ದಾರದ ನೆರಳು ಫರಸಿಯ ಮೇಲೆ ಮೂಡಿತು, ಸಂದಿನಿಂದ ತುಸು ಆಚೆ. ಖಾಲಾ ಕಣ್ಣು ಮುಚ್ಚಿಕೊಂಡರು. ನೆರಳು ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಸಂದಿನತ್ತ ಸರಿಯುತ್ತಿತ್ತು. ನಾನು ಗಡಿಯಾರ ನೋಡಿದೆ, ಎರಡು ನಲವತ್ತೆಂಟು. ಮತ್ತೆ ಫರಸಿ ನೋಡಿದರೆ ದಾರದ ನೆರಳೇ ಇಲ್ಲ!

"ನೆರಳು ಎಲ್ಲಿ ಹೋತು?" ಎಂದು ಗಾಬರಿಯಲ್ಲಿ ಕೂಗಿದೆ.

ಖಾಲಾ ಕಣ್ಣು ಬಿಟ್ಟು, ಕುರ್ಚಿಯಿಂದ ಬಗ್ಗಿ, ಸಂದಿನಲ್ಲಿ ಬೆರಳಿಟ್ಟರು. "ಇಲ್ಲೇ ಅದ."

ನೆರಳು ಸಂದಿನೊಳಗೆ ಇಳಿದು ಕೂತಿತ್ತು, ಈ ತುದಿಯಿಂದ ಆ ತುದಿಯವರೆಗೆ. ಕಾದ ಕಲ್ಲಿನ ಮೇಲಿಂದ ಖಾಲಾ ಬೆರಳು ತೆಗೆಯಲೇ ಇಲ್ಲ. "ಮೂರು ದಿನ ದಾರ ಹಿಡಕೊಂಡು ಮಸೂತಿಗೂ ಮನಿಗೂ ತಿರುಗ್ಯಾರ ಬೇ. ನಾ ಹತ್ತು ದಿನ ಅವರ ಮ್ಯಾಲೆ ಸಂಶಯ ಪಟ್ಟೆ" ಎಂದು ಅತ್ತರು. ನಾನೂ ಅತ್ತೆ. ಶರಣಮ್ಮ ಸೆರಗು ಬಿಟ್ಟು, "ನಮ್ಮ ಗ್ವಾಡಿನೂ ಉಳೀತು" ಅಂದಾಗ ಮೂವರೂ ನಕ್ಕೆವು. ಮಧ್ಯಾಹ್ನದ ಜೊಹರ್ ನಮಾಜಿನ ಹೊತ್ತು ಇನ್ನೂ ಮೀರಿರಲಿಲ್ಲ. ಖಾಲಾ ತಾವೇ ಚಾಪೆ ಎಳೆದು ಸಂದಿನ ಮೇಲೆ ಹಾಸಿದರು.

ಐದೂವರೆಯ ರಾಯಚೂರು ಬಸ್ಸಿಗೆ ಹೊರಟೆ. ಫೋನು ಬೇಡ ಅನ್ನುತ್ತಾರೇನೋ ಎಂದುಕೊಂಡಿದ್ದೆ. ಅನ್ನಲಿಲ್ಲ, ಅದರ ಅಜಾನ್ ದನಿ ಅವರಿಗೆ ಸೇರಿತ್ತು. ಕೆಂಪು ಕವರನ್ನು ಮಾತ್ರ ಬಿಚ್ಚಿ ನನ್ನ ಕೈಗಿಟ್ಟರು. "ಒಯ್ಯಿ. ಶಾಲಿಯಾಗ ಪಾಠಕ್ಕ ಬೇಕಾಗತದ." ನಾನು ಓಣಿ ತಿರುಗುವವರೆಗೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಾಲು ಚಾಚಿ ಕೂತಿದ್ದರು.

ಗಬ್ಬೂರು ದಾಟುವಾಗ ಶರಣಮ್ಮನ ಫೋನು ಬಂತು. "ಮತ್ತೇನಾತ್ರೀ?" ಅಂದೆ.

"ಏನಿಲ್ರೀ ಟೀಚರ್. ನಿಮ್ಮ ಖಾಲಾ ಈಗ ಮೂರು ರೊಟ್ಟಿ ಉಂಡ್ರು. ಉಂಡು, ನಮ್ಮ ಅಡಗಿಮನಿಗೆ ಬಂದು, ಗ್ವಾಡಿ ಮುಟ್ಟಿ ನೋಡಿ ಹೋದ್ರು."