ಮಾಮಾನ ಕೆಂಪಿನ ಲೆಕ್ಕ

"ಮಲಗೀದೇನವಾ?" ಎಂದು ಯಂತ್ರವನ್ನೇ ಕೇಳದೆ ಚನ್ನಪ್ಪ ಮಾಮಾ ತಮ್ಮ ಹಳೆಯ ಕ್ಯಾಲ್ಕುಲೇಟರಿಗೆ ಏನನ್ನೂ ಸಿಕ್ಕಿಸುತ್ತಿರಲಿಲ್ಲ. ಅದರ ತಲೆಯಲ್ಲಿ ನಾಲ್ಕು ಕಿಂಡಿ. ಮೆಮರಿಯ ತುಂಡು, ಪ್ರಿಂಟರ್, ಕಾರ್ಡ್ ಓದುವ ಪೆಟ್ಟಿಗೆ, ಯಾವುದನ್ನು ಹಚ್ಚುವುದಿದ್ದರೂ ಯಂತ್ರ ಬಂದ್ ಇರಬೇಕು. ಚಾಲೂ ಇದ್ದರೆ ಎರಡೂ ಸುಟ್ಟುಹೋದಾವೆಂಬ ಭಯ. ಈಗ ಯಾರೂ ತಯಾರಿಸದ ಈ ಜೋಡಣೆಗಳನ್ನು ಮಾಮಾ ಊರೂರು ಅಲೆದು ಕೂಡಿಹಾಕಿದ್ದರು. ಮಾಮಿ ಯಂತ್ರಕ್ಕೆ 'ಸವತಿ' ಎಂದೇ ಹೆಸರಿಟ್ಟಿದ್ದರು.

ಸೊಲ್ಲಾಪುರದ ಚಾದರ ಕಾರಖಾನೆಯಲ್ಲಿ ಮಾಮಾ ಬಣ್ಣದ ಮಾಸ್ತರ. ನೂಲಿನ ತೂಕ ಒತ್ತಿದರೆ ಯಾವ ಬಣ್ಣ ಎಷ್ಟು ಬೇಕೆಂದು ಯಂತ್ರ ಹೇಳುತ್ತಿತ್ತು. ತಮ್ಮದೇ ಒಂದು ಕೆಂಪಿಗಾಗಿ ವರ್ಷಗಟ್ಟಲೆ ಕೂತು ಕಟ್ಟಿದ ಲೆಕ್ಕವನ್ನು ಬೆರಳುದ್ದದ ಮ್ಯಾಗ್ನೆಟಿಕ್ ಕಾರ್ಡಿನಲ್ಲಿ ತುಂಬಿಟ್ಟಿದ್ದರು. ಒಮ್ಮೆ ಬ್ಯಾಟರಿ ಸೋರಿ ಯಂತ್ರದ ನೆನಪು ಅಳಿಸಿಹೋಯಿತು. ಕಾರ್ಡ್ ಎಳೆದುಕೊಳ್ಳುವ ಪೆಟ್ಟಿಗೆಯ ರಬ್ಬರ್ ಚಕ್ರವೂ ಕರಗಿ ಅಂಟಾಗಿತ್ತು. ಉಳಿದದ್ದು ಆ ಕಾರ್ಡ್ ಒಂದೇ.

"ಮಾಮಾ, ಇಂಥಾ ಯಂತ್ರಾನ ಈಗ ಮೊಬೈಲ್‌ನ್ಯಾಗ ಸಿಗ್ತದ. ಹೊಸಾ ಲೆಕ್ಕಾ ಅದರಾಗ ಮಾಡ್ರಿ," ಎಂದೆ.

"ಅದು ಯಂತ್ರದ ಬರೀ ಫೋಟೋ. ಫೋಟೋಕ್ಕ ಊಟಾ ಬಡಸ್ತೀಯೇನ?" ಎಂದು ಗದರಿದರು.

ಅಕ್ಕಲಕೋಟೆಯ ಗೆಳೆಯ ಈರಣ್ಣನವರ ಹತ್ತಿರ ಕಾರ್ಡ್ ಓದುವ ಅಂಥದೇ ಪೆಟ್ಟಿಗೆ ಇತ್ತು. ನಾನೂ ಮಾಮಾನೂ ಯಂತ್ರ ಹಿಡಿದು ಹೊರಟೆವು. ಎಸ್‌ಟಿ ಬಸ್ಸಿನಲ್ಲಿ ಮಾಮಾ ದಾರಿಯುದ್ದಕ್ಕೂ ಕಾರ್ಡಿದ್ದ ಎದೆಯ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಇದರ ಚಕ್ರಾನೂ ಮೆತ್ತಗಾಗೇದ ಚನ್ನಪ್ಪಾ. ಒಂದ ಸಲ ನಡದ್ರ ನಡೀತು. ಲವಕರ ಹಚ್ಚು, ಜಲ್ದಿ," ಎಂದರು ಈರಣ್ಣ.

ಆ ಗಡಿಬಿಡಿಯಲ್ಲಿ ಮಾಮಾ ಪೆಟ್ಟಿಗೆಯನ್ನು ಕಿಂಡಿಯ ಹತ್ತಿರ ಒಯ್ದರು. ಯಂತ್ರದ ಪಟ್ಟಿಯಲ್ಲಿ ಅಂಕಿ ಇನ್ನೂ ಕಾಣುತ್ತಿತ್ತು, ಅದು ಚಾಲೂ ಇತ್ತು. ಎಂದಿನ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ನಾನು ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ.

"ಮಲಗೇದೇನ್ರಿ ಅದು?"

ಮಾಮಾ ಕೈ ಹಿಂದಕ್ಕೆ ಎಳೆದುಕೊಂಡರು. ಬಂದ್ ಮಾಡಿದರು, ಪೆಟ್ಟಿಗೆ ಹಚ್ಚಿ ಮತ್ತೆ ಚಾಲೂ ಮಾಡಿ ಕಾರ್ಡ್ ಒಡ್ಡಿದರು. ಅರ್ಧಕ್ಕೆ ಹೋಗಿ ನಿಂತಿತು. ಈರಣ್ಣ ತಮ್ಮ ದೇವರು ಬಿರೋಬಾನನ್ನು ನೆನೆದರು. ಕೈ ಹಚ್ಚುವ ಧೈರ್ಯ ಯಾರಿಗೂ ಬರಲಿಲ್ಲ. ಆಮೇಲೆ ಚಕ್ರ ಗುರ್ರೆಂದು ಕಾರ್ಡ್ ಆಚೆ ಬಂತು. ಮಾಮಾ ನೂಲಿನ ತೂಕ ಒತ್ತಿ, ತಮ್ಮ ಕೆಂಪಿನ ಅಂಕಿಯೇ ಮೂಡಿದ್ದನ್ನು ನೋಡಿ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು.

ಮರಳುವ ಬಸ್ಸಿನಲ್ಲಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, "ತಗೀ ನಿನ್ನ ಮೊಬೈಲ್. ಯಂತ್ರದಾಗಿಂದು ನೋಡಿ ಹೇಳ್ತೀನಿ, ತುಂಬಕೋ," ಎಂದರು. ಸೊಲ್ಲಾಪುರ ಬರುವವರೆಗೂ ಹೇಳುತ್ತಲೇ ಇದ್ದರು.

ಈಗ ಮಾಮಾ ಇಲ್ಲ. ಯಂತ್ರವೂ ಏಳುವುದಿಲ್ಲ. ಕೆಂಪಿನ ಲೆಕ್ಕ ನನ್ನ ಮೊಬೈಲಿನಲ್ಲಿದೆ. ತಿಥಿಯ ದಿನ ಮಾಮಿ ಹೋಳಿಗೆ, ಅನ್ನ, ಕಟ್ಟಿನ ಸಾರು ಬಡಿಸಿದ ಎಡೆಯನ್ನು ನನ್ನ ಕೈಗೆ ಕೊಟ್ಟರು. ಮಾಮಾನ ಫೋಟೋದ ಮುಂದೆ ಇಡಹೋದಾಗ ಮಾಮಾ ಗದರಿದ್ದು ನೆನಪಾಗಿ ಕೈ ತಡೆಯಿತು.

"ಬಡಸ್ತೀನಿ ಮಾಮಾ," ಎಂದೆ. "ಉಣ್ರಿ."