ಸ್ಯಾಮ್ಯುಯಲ್ ಜೊತೆ ಕುಣಿಗಲ್ಲಿನವರೆಗೆ

ತುಮಕೂರಿನ ಸದಾಶಿವನಗರದಿಂದ ನಾವಿಬ್ಬರೂ ಹೊರಟಾಗ ಮೋಡ ಕವಿದಿತ್ತು. ಸ್ಯಾಮ್ಯುಯಲ್ ಹೈಸ್ಕೂಲು ಮೇಷ್ಟ್ರು, ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವನು. ದೇವರಿಲ್ಲ ಎಂದು ಅಲ್ಲಿ ಜೊತೆಯಾಗಿ ವಾದಿಸುತ್ತಿದ್ದೆವು. ಆಮೇಲೆ ಅವನು ನಂಬಿದ, ನಾನು ಆ ವಾದದಲ್ಲೇ ಉಳಿದೆ. ನಾವು ಹೊರಟದ್ದು ಎರಡು ಸಾವಿರದ ಒಂದೋ ಎರಡೋ ಇರಬೇಕು. ರಜೆ ಬಂದರೆ ಹಳ್ಳಿಗಳಿಗೆ ಹೋಗಿ ಏಸುವಿನ ವಿಷಯ ಹೇಳುತ್ತಿದ್ದ. ಊರು ನೋಡುವ ನೆಪದಲ್ಲಿ ಆ ದಿನ ನಾನೂ ಹೊರಟೆ.

ಗುಬ್ಬಿಗೆ ಬಸ್ ಚಾರ್ಜು ಆರು ರೂಪಾಯಿ. ಎಂಟು ಎನ್ನುತ್ತಾನೆ ಅವನು ಈಗಲೂ. ಬಸ್ಸಿನಲ್ಲಿ ಮೆಲ್ಲಗೆ ಹೇಳಿದ: "ಇವತ್ತೂ ಯಾರೂ ಕಿವಿಗೊಡಲಿಲ್ಲ ಅಂದ್ರೆ ಇದನ್ನ ಬಿಟ್ಬಿಡ್ತೀನಿ ಕಣೋ."

"ಛೆ, ಹಂಗನ್ಬೇಡ" ಎಂದೆ. ಬಿಡಲಿ ಎಂದೇ ಒಳಗೆ ಆಸೆ. ಬೈಸಿಕೊಂಡೂ ಮತ್ತೆ ಹೋಗಿ ಹೇಳಬೇಕೆನಿಸುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ.

ಗುಬ್ಬಿಯಿಂದ ಮುಂದೆ ಕಡಬಕ್ಕೆ ಹೋದೆವು. ಅಲ್ಲಿನ ಕೆರೆ ತುಂಬಿತ್ತು. ಕೆರೆಯಾಚೆಯ ತೋಟದ ಮನೆಯಲ್ಲಿ ನಾಲ್ಕಾರು ಹೆಂಗಸರು ಕೊಬ್ಬರಿ ಬಿಡಿಸುತ್ತಿದ್ದರು. ಸ್ಯಾಮ್ಯುಯಲ್ ಮಾತು ಶುರುಮಾಡಿದ. ಮನೆಯೊಡತಿ ಗೌರಮ್ಮ ತಲೆಯೆತ್ತದೆ ಕೇಳಿದರು: "ನಿಮ್ ದೇವ್ರಿಗೆ ಏನ್ ಹರಕೆ ಕಟ್ಕಬೇಕು ಮೇಷ್ಟ್ರೇ?"

"ಏನೂ ಬೇಡಮ್ಮ. ನಂಬಿದ್ರೆ ಸಾಕು."

"ಏನೂ ಇಸ್ಕಳ್ದೋನು ಏನ್ ಕೊಟ್ಟಾನು ಬುಡಿ! ನಮ್ಮೂರಮ್ಮ ಆದ್ರೆ ಕೋಳಿ ಬೇಕು ಅಂತ ಬಾಯ್ಬುಟ್ಟು ಕೇಳ್ತಾಳೆ. ಕೊಟ್ಮೇಲೆ ಮಾತು ತಪ್ಪಕ್ಕಿಲ್ಲ."

ಎಲ್ಲರೂ ನಕ್ಕರು. "ದೇವ್ರು ಹೆಂಗಾರ ಇರ್ಲಿ, ಉಂಡ್ಕಂಡು ಹೋಗಿ" ಎಂದು ಗೌರಮ್ಮ ಮುದ್ದೆ, ಉಪ್ಸಾರು ಬಡಿಸಿದರು. ಅವನಿಗೆ ಎರಡನೆಯ ಮುದ್ದೆ ಬಲವಂತವಾಗಿ ಹಾಕಿದರು. ನನ್ನನ್ನು ಕೇಳಲೂ ಇಲ್ಲ.

"ಸಾಕು, ಇದೇ ಕೊನೆ" ಎಂದ ಸ್ಯಾಮ್ಯುಯಲ್, ರಸ್ತೆಗೆ ಬಂದಮೇಲೆ. ಕುಣಿಗಲ್ಲಿನಲ್ಲಿದ್ದ ಅವನ ಅಕ್ಕನನ್ನು ಮಾತಾಡಿಸಿ ಹಿಂತಿರುಗುವುದೆಂದು ಮೊದಲೇ ಗೊತ್ತುಮಾಡಿದ್ದೆವು. ಅದನ್ನು ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವಾಗ ಸಂಜೆ, ಮಳೆ. ಟೀ ಅಂಗಡಿಗೆ ನುಗ್ಗಿದೆವು.

ಅಂಗಡಿಯ ರಂಗಪ್ಪ ಅವನನ್ನು ಕಂಡವನೇ ಜಗಳಕ್ಕೇ ಬಂದ. "ಹಿಂಗಾ ಮಾಡೋದು ಮೇಷ್ಟ್ರೇ? ಯುಗಾದಿ ಹೊತ್ನಲ್ಲಿ ಕತೆ ಶುರು ಮಾಡಿದ್ರಿ. ಅಪ್ಪನ ಹತ್ರ ಪಾಲು ಇಸ್ಕಂಡು ಹಾಳ್ಮಾಡಿ, ಹಂದಿ ಕಾಯಕ್ಕೆ ನಿಂತವ್ನೆ ಹುಡ್ಗ. ಬಸ್ ಬಂತು ಅಂತ ಓಡೇಬುಟ್ರಿ! ಮನೆಗೆ ಬಂದ್ನೋ ಇಲ್ವೋ? ನಮ್ಮನೆಯವ್ಳು ಕೇಳಿ ಕೇಳಿ ಪ್ರಾಣ ತಿಂತಾವ್ಳೆ."

ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ಬೆಲ್ ಹೊಡೆದಮೇಲೆ ಮುಂದೇನಾಯಿತೆಂದು ನನ್ನನ್ನು ಯಾರೂ ಕೇಳಿದ್ದಿಲ್ಲ.

ಏಸು ಹೇಳಿದ ಆ ಕತೆಯ ಉಳಿದದ್ದನ್ನು ಸ್ಯಾಮ್ಯುಯಲ್ ಹೇಳಿದ. ಅಪ್ಪ ಓಡಿಬಂದು ತಬ್ಬಿಕೊಂಡದ್ದು, ಹಬ್ಬದೂಟ ಮಾಡಿಸಿದ್ದು, ಮನೆಯಲ್ಲೇ ದುಡಿದುಕೊಂಡಿದ್ದ ಅಣ್ಣ ಸಿಟ್ಟಾಗಿ ಹೊರಗೇ ನಿಂತದ್ದು.

"ಅಣ್ಣ ಸಿಟ್ಟಾಗಿದ್ದೂ ಸರಿನೇ ಅಲ್ವಾ?" ಎಂದೆ.

"ಸರಿನೇ ಇರ್ಬೋದು ಸಾಮಿ" ಎಂದ ರಂಗಪ್ಪ. "ಒಳಗೆ ಎಲೆ ಹಾಕವ್ರೆ. ಹೊರಗೆ ನಿಂತ್ಕಂಡು ಸರಿ ಸರಿ ಅಂತಿದ್ರೆ ಹೊಟ್ಟೆ ತುಂಬ್ತದಾ?"

ಕಂಡಕ್ಟರ್ "ತುಮಕೂರ್, ತುಮಕೂರ್" ಎಂದು ಕೂಗಿದ. ರಂಗಪ್ಪ ಹೆಂಡತಿಯನ್ನು ಕರೆಯಲು ಹಿಂದಿನ ಮನೆಗೆ ಓಡಿದ. ಸ್ಯಾಮ್ಯುಯಲ್ ಎದ್ದೇಳಲಿಲ್ಲ. "ನೀನು ಹೋಗಿರೋ. ಆ ಯಮ್ಮನಿಗೆ ಮೊದಲಿಂದ ಹೇಳ್ಬೇಕು. ಮುಂದಿನ ಬಸ್ಸಿಗೆ ಬರ್ತೀನಿ."

ನಾನೊಬ್ಬನೇ ಹತ್ತಿದೆ. ಬಸ್ಸು ತಿರುಗುವಾಗ ಹಿಂದಕ್ಕೆ ನೋಡಿದೆ. ಮೂವರೂ ನಗುತ್ತಿದ್ದರು ಎಂದು ನನ್ನ ನೆನಪು. ಆ ಮಳೆಯಲ್ಲಿ, ಮಂಜಾದ ಗಾಜಿನಾಚೆ, ಅಷ್ಟು ದೂರದ ನಗು ಕಾಣುವುದು ಸಾಧ್ಯವೇ ಇರಲಿಲ್ಲ.